ಮಗುವಿನ ಮನೋರೋಗವೂ ವೈದ್ಯನ ದೂರವೂ

ಮಗುವಿಗೆ ಜ್ವರ ಬಂದರೆ ತಾಯಿಯ ಅಂಗೈಗೆ ಅದು ಕೂಡಲೇ ತಿಳಿಯುತ್ತದೆ. ಹಲ್ಲುನೋವು, ಭೇದಿ, ಕಿವಿ ಸೋರುವಿಕೆ ಇವೆಲ್ಲವೂ ತಮ್ಮ ಇರವನ್ನು ತಾವೇ ಸಾರಿಕೊಳ್ಳುವ ಬೇನೆಗಳು. ಆದರೆ ಎಂಟು ವರ್ಷದ ಬಾಲಕನೊಬ್ಬನು ಆರು ತಿಂಗಳಿಂದ ಯಾರೊಡನೆಯೂ ಆಡುತ್ತಿಲ್ಲವೆಂದರೆ, ಹತ್ತು ವರ್ಷದ ಬಾಲಕಿಯೊಬ್ಬಳು ರಾತ್ರಿಯೆಲ್ಲ ಬೆಚ್ಚಿ ಬೆಚ್ಚಿ ಏಳುತ್ತಾಳೆಂದರೆ, ಮೂರನೆಯ ತರಗತಿಯ ಹುಡುಗನೊಬ್ಬನು ಪಾಠದ ವೇಳೆಯಲ್ಲಿ ಒಂದು ನಿಮಿಷವೂ ಕುಳಿತಲ್ಲಿ ಕುಳಿತಿರಲಾರನೆಂದರೆ, ಅದನ್ನು ಬೇನೆಯೆಂದು ಎಣಿಸುವವರು ವಿರಳ. ಮೊದಲನೆಯವನಿಗೆ ‘ಮಂಕ’ ಎಂದೂ, ಎರಡನೆಯವಳಿಗೆ ‘ಅಂಜುಬುರುಕಿ’ ಎಂದೂ, ಮೂರನೆಯವನಿಗೆ ‘ಪುಂಡ’ ಎಂದೂ ಹೆಸರು ಬೀಳುತ್ತದೆ. ಆ ಹೆಸರುಗಳನ್ನು ಹೊತ್ತುಕೊಂಡೇ ಅವರು ಬೆಳೆಯುತ್ತಾರೆ.

ಈ ಹೆಸರುಗಳ ಮರೆಯಲ್ಲಿ ಎಷ್ಟು ರೋಗ ಅಡಗಿದೆಯೆಂಬುದನ್ನು ಅಳೆಯುವ ಒಂದು ಪ್ರಯತ್ನ ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಶೋಭಾ ಶ್ರೀನಾಥ್ ಅವರೂ ಅವರ ಸಹೋದ್ಯೋಗಿಗಳೂ ಹುಟ್ಟಿದ ಕೂಸಿನಿಂದ 16 ವರ್ಷದವರೆಗಿನ 2,064 ಮಕ್ಕಳನ್ನು ಪರಿಶೀಲಿಸಿ, ಅದರ ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ಮಕ್ಕಳನ್ನು ಅವರು ಆಯ್ದುಕೊಂಡದ್ದು ನಗರದ ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು ಮತ್ತು ಹಳ್ಳಿಗಳಿಂದ. ನೂರರಲ್ಲಿ ಸುಮಾರು 12.5 ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿತ್ತು. ನಿದ್ರೆಯಲ್ಲಿ ಮೂತ್ರ ವಿಸರ್ಜನೆ, ನಿರ್ದಿಷ್ಟ ವಸ್ತುವಿನ ಅತಿಭಯ, ಅತಿಚಟುವಟಿಕೆ, ಉಗ್ಗು, ಮಿತಿಮೀರಿದ ಹಠ ಇವು ನಾಲ್ಕು ವರ್ಷ ದಾಟಿದವರಲ್ಲಿ ಹೆಚ್ಚಾಗಿ ಕಂಡುಬಂದವು. ಸ್ವಾರಸ್ಯದ ಸಂಗತಿಯೆಂದರೆ, ಬಡಾವಣೆ, ಕೊಳೆಗೇರಿ, ಹಳ್ಳಿ ಈ ಮೂರರ ನಡುವೆ ರೋಗದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೂ ಮುಖ್ಯವಾದ ಸಂಗತಿ ಮತ್ತೊಂದಿದೆ: ತಮ್ಮ ಮಗುವಿಗೆ ಏನೋ ತೊಂದರೆಯಿದೆಯೆಂದು ಮನಗಂಡಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ.

ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಪ್ರಶ್ನೆ ತಾನಾಗಿಯೇ ಏಳುತ್ತದೆ. ರೋಗವು ಸಿರಿವಂತ ಬಡವ ಎಂಬ ಭೇದವನ್ನು ಹೆಚ್ಚಾಗಿ ಎಣಿಸದೆ ಹಂಚಿಕೊಂಡಿರುವಲ್ಲಿ, ಚಿಕಿತ್ಸೆಯೂ ಹಾಗೆಯೇ ಹಂಚಿಕೆಯಾಗಿದೆಯೇ? ಬೆಂಗಳೂರಿನ ಕೊಳೆಗೇರಿಯ ಮಗುವಿಗೆ ನಿಮ್ಹಾನ್ಸ್ ಬಸ್ಸಿನ ದಾರಿಯಲ್ಲಿದೆ. ರಾಜ್ಯದ ಮತ್ತೊಂದು ತುದಿಯ ಮಗುವಿನ ಪಾಡೇನು?

ಬೀದರ ಜಿಲ್ಲೆಯನ್ನು ಇಲ್ಲಿ ದೃಷ್ಟಾಂತವಾಗಿ ಆರಿಸಿಕೊಂಡಿರುವುದಕ್ಕೆ ಕಾರಣ ಇದೇ. ನಕಾಶೆಯಲ್ಲಿ ರಾಜ್ಯದ ನೆತ್ತಿಯ ಮೇಲಿರುವುದರಿಂದ ಅದನ್ನು ‘ಕರ್ನಾಟಕದ ಕಿರೀಟ’ ಎಂದು ಭಾಷಣಗಳಲ್ಲಿ ಕರೆಯುವುದುಂಟು; ಕಿರೀಟಕ್ಕೆ ಸಲ್ಲಬೇಕಾದ ಮರ್ಯಾದೆ ಸಂದಿದೆಯೇ ಎಂಬುದು ಬೇರೆ ಮಾತು. ಬೀದರ ನಗರದಿಂದ ಬೆಂಗಳೂರು ಸುಮಾರು 700 ಕಿಲೋಮೀಟರು. ಮಾನಸಿಕ ಚಿಕಿತ್ಸೆಗೆ ಹೆಸರಾದ ಧಾರವಾಡದ ಡಿಮ್ಹಾನ್ಸ್ ಸಂಸ್ಥೆ 400 ಕಿಲೋಮೀಟರಿಗೂ ಆಚೆ. ಹತ್ತಿರದ ಮಹಾನಗರವೆಂದರೆ ಹೈದರಾಬಾದು, ಸುಮಾರು 140 ಕಿಲೋಮೀಟರು. ಆದರೆ ಅದು ಬೇರೆ ರಾಜ್ಯದ ರಾಜಧಾನಿ. 1956ರ ನವೆಂಬರ್ 1ರವರೆಗೆ ಬೀದರವು ಹೈದರಾಬಾದ್ ರಾಜ್ಯದಲ್ಲಿಯೇ ಇತ್ತು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ನೀಡಿದಾಗ, ರಾಜ್ಯದ 39 ‘ಅತ್ಯಂತ ಹಿಂದುಳಿದ’ ತಾಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾಲೂಕುಗಳು ಅಂದಿನ ಗುಲಬರ್ಗಾ ವಿಭಾಗದಲ್ಲಿದ್ದವು. ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಲು 2012ರಲ್ಲಿ ಸಂಸತ್ತು ಒಪ್ಪಿದ್ದು ಈ ಹಿನ್ನೆಲೆಯಲ್ಲಿ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲು ಪರಿಶಿಷ್ಟ ಜಾತಿಗಳವರು.

ಬೀದರ ನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. ಅದರ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೂ ಇದೆ. ಭಾಲ್ಕಿ ಮತ್ತು ಔರಾದಗಳು ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರು ದೂರದ ತಾಲೂಕು ಕೇಂದ್ರಗಳು. ಭಾಲ್ಕಿಗೆ ರೈಲಿದೆ, ಔರಾದ ಪಟ್ಟಣಕ್ಕೆ ಇಲ್ಲ. ಔರಾದ ಸೀಮೆಯ ಹಳ್ಳಿಗಳೂ ತಾಂಡಾಗಳೂ ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಯವರೆಗೆ ಚದುರಿಕೊಂಡಿವೆ. ನಲವತ್ತು ಕಿಲೋಮೀಟರು ದೊಡ್ಡ ದೂರವೇ ಎಂದು ನಗರದ ವಾಚಕರು ಕೇಳಬಹುದು. ಅದಕ್ಕೆ ಉತ್ತರವನ್ನು ಕೊಡುವ ಮುನ್ನ ದೂರದೇಶದ ಒಂದು ಚರಿತ್ರೆಯನ್ನು ನೋಡಬೇಕಾಗಿದೆ.

ಬೊಂಬೆಗಳ ಸಾಕ್ಷ್ಯ

ಅಮೆರಿಕದಲ್ಲಿ ಕರಿಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಅನೇಕ ಸಂಸ್ಥಾನಗಳಲ್ಲಿ ಬೇರೆ ಬೇರೆ ಶಾಲೆಗಳಿದ್ದ ಕಾಲವದು. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕರಿಯ ದಂಪತಿಗಳು, ಇಬ್ಬರೂ ಮನಶ್ಶಾಸ್ತ್ರಜ್ಞರು, ಒಂದು ಸರಳವಾದ ಪರೀಕ್ಷೆಯನ್ನು ನಡೆಸಿದರು. ಮೈಬಣ್ಣವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲಿ ಒಂದೇ ತೆರನಾಗಿದ್ದ ಬೊಂಬೆಗಳನ್ನು ಮೂರರಿಂದ ಏಳು ವರ್ಷದ ಕರಿಯ ಮಕ್ಕಳ ಮುಂದಿಟ್ಟು, ‘ಇವುಗಳಲ್ಲಿ ಒಳ್ಳೆಯ ಬೊಂಬೆ ಯಾವುದು, ಕೆಟ್ಟ ಬೊಂಬೆ ಯಾವುದು, ನಿನ್ನಂತಿರುವುದು ಯಾವುದು’ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಬೊಂಬೆಯೇ ಒಳ್ಳೆಯದೆಂದರು. ಕೊನೆಯ ಪ್ರಶ್ನೆ ಬಂದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಶಾಲೆಗಳ ಪ್ರತ್ಯೇಕತೆಯನ್ನು ರದ್ದುಗೊಳಿಸಿದ 1954ರ ತೀರ್ಪಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕೆನೆತ್ ಕ್ಲಾರ್ಕ್ ಅವರ ಬರಹವನ್ನು ಉಲ್ಲೇಖಿಸಿತು.

ಈ ಬೊಂಬೆಗಳ ಕಥೆ ಪ್ರಸಿದ್ಧವಾದುದು. ಅದೇ ದಂಪತಿಗಳ ಮತ್ತೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ನಮ್ಮ ವಿಷಯಕ್ಕೆ ಹತ್ತಿರವಾದುದು ಅದೇ. 1946ರಲ್ಲಿ ಅವರು ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕರಿಯರ ಕೇರಿಯಲ್ಲಿ, ವಸತಿಗೃಹವೊಂದರ ನೆಲಮಾಳಿಗೆಯಲ್ಲಿ, ಮಕ್ಕಳ ಮಾನಸಿಕ ಚಿಕಿತ್ಸೆಗೆಂದು ಒಂದು ಕೇಂದ್ರವನ್ನು ತೆರೆದರು. ಆ ಕೇರಿಯ ಮಕ್ಕಳಿಗೆ ಅಂಥ ಸೇವೆ ಅದುವರೆಗೆ ಇಲ್ಲವೆಂಬಷ್ಟು ವಿರಳವಾಗಿತ್ತು. ‘ನಮ್ಮ ಮಗುವನ್ನು ಶಾಲೆಯವರು ಮಂದಬುದ್ಧಿಯವರ ತರಗತಿಗೆ ಹಾಕಿದ್ದಾರೆ, ನೀವೊಮ್ಮೆ ನೋಡಿ’ ಎಂದು ತಂದೆತಾಯಿಗಳು ಅಲ್ಲಿಗೆ ಬರತೊಡಗಿದರು. ಮೇಮಿ ಕ್ಲಾರ್ಕ್ ಪರೀಕ್ಷಿಸಿ ನೋಡಿದಾಗ ಅಂಥ ಮಕ್ಕಳಲ್ಲಿ ಬಹುಮಂದಿಯ ಬುದ್ಧಿಶಕ್ತಿ ಆ ತರಗತಿಗೆ ನಿಗದಿಯಾದ ಮಿತಿಗಿಂತ ಮೇಲಿತ್ತು. ಚಿಕಿತ್ಸೆಯ ಅಭಾವವು ಒಂದು ಅನ್ಯಾಯವಾದರೆ, ತಪ್ಪು ಹೆಸರಿಡುವುದು ಅದಕ್ಕೂ ಹಿಂದಿನ ಅನ್ಯಾಯ. ಅದನ್ನು ಹಾರ್ಲೆಮಿನ ಆ ನೆಲಮಾಳಿಗೆಯು ಪರೀಕ್ಷೆಯ ಅಂಕಿಗಳಿಂದ ತೋರಿಸಿಕೊಟ್ಟಿತು.

ವರ್ಣಭೇದವು ಅಮೆರಿಕದ್ದು, ನಮಗೇಕೆ ಎನ್ನುವಂತಿಲ್ಲ. ಹುಟ್ಟಿನಿಂದಲೇ ಒಬ್ಬನ ಯೋಗ್ಯತೆಯನ್ನು ಗೊತ್ತುಮಾಡುವ ಪದ್ಧತಿಗೆ ಅಲ್ಲಿ ಬಣ್ಣ ಗುರುತಾದರೆ ಇಲ್ಲಿ ಜಾತಿ ಗುರುತು. ಹನ್ನೆರಡನೆಯ ಶತಮಾನದಲ್ಲಿ ಆ ಪದ್ಧತಿಯನ್ನು ಎದುರಿಸಿ ನಿಂತ ಶರಣರ ಕಲ್ಯಾಣವು ಇದೇ ಬೀದರ ಜಿಲ್ಲೆಯಲ್ಲಿದೆ. ಮಗುವಿನ ಮನಸ್ಸಿನ ಮೇಲೆ ಜಾತಿ ಏನು ಮಾಡುತ್ತದೆಂಬುದನ್ನು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಪ್ರಯೋಗದಿಂದಲೇ ತೋರಿಸಿದರು. 2004ರಲ್ಲಿ ಅದರ ವಿವರ ಪ್ರಕಟವಾಯಿತು. ಆರನೆಯ ಮತ್ತು ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳಲ್ಲಿ ದಾರಿ ಹುಡುಕುವ ಕೆಲಸ ಕೊಟ್ಟು, ಬಿಡಿಸಿದಷ್ಟಕ್ಕೆ ಹಣ ಕೊಡಲಾಯಿತು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲುಜಾತಿ ಕೆಳಜಾತಿಗಳ ಹುಡುಗರ ನಡುವೆ ಗಣನೀಯ ಅಂತರವಿರಲಿಲ್ಲ. ಪ್ರತಿಯೊಬ್ಬನ ಹೆಸರನ್ನೂ ಜಾತಿಯನ್ನೂ ಎಲ್ಲರೆದುರಿಗೆ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ವ್ಯೂಹಗಳ ಸಂಖ್ಯೆ ಸ್ಪಷ್ಟವಾಗಿ ಇಳಿಯಿತು. ಕೈಯೂ ಅದೇ, ಕಣ್ಣೂ ಅದೇ, ಬುದ್ಧಿಯೂ ಅದೇ. ನಡುವೆ ಆದದ್ದು ಹಾಜರಿ ಕರೆದಂಥ ಒಂದು ಕ್ರಿಯೆ ಮಾತ್ರ. ತರಗತಿಯಲ್ಲಿ ವಿದ್ಯಾರ್ಥಿವೇತನದ ಪಟ್ಟಿಯನ್ನು ಗಟ್ಟಿಯಾಗಿ ಓದುವ ಪದ್ಧತಿಯುಳ್ಳ ಶಾಲೆಗಳು ಈ ಪ್ರಯೋಗವನ್ನು ಗಮನಿಸತಕ್ಕದ್ದು.

ಬಡತನವು ದೇಹಕ್ಕಿಳಿಯುವ ಬಗೆ

ಬೆಂಗಳೂರಿನ ಅಧ್ಯಯನದಲ್ಲಿ ಬಡವರ ಮಕ್ಕಳಲ್ಲಿ ರೋಗ ಹೆಚ್ಚಾಗಿ ಕಾಣಲಿಲ್ಲವೆಂದ ಮಾತ್ರಕ್ಕೆ ಬಡತನಕ್ಕೂ ಮನಸ್ಸಿಗೂ ನಂಟಿಲ್ಲವೆಂದು ತೀರ್ಮಾನಿಸುವುದು ಅವಸರವಾದೀತು. ಒಂದು ಕಾಲದ ಎಣಿಕೆಯು ಎಷ್ಟು ಮಂದಿಗೆ ರೋಗವಿದೆಯೆಂದು ತಿಳಿಸುತ್ತದೆ. ಯಾರಿಗೆ ಅದು ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದೇ ಮಕ್ಕಳನ್ನು ಹಿಂಬಾಲಿಸಿ ನೋಡಬೇಕು.

ದೇಹದೊಳಗಿನ ದಾರಿಯನ್ನು ಮೊದಲು ನೋಡೋಣ. ನಾಯಿಯೊಂದು ಮೈಮೇಲೆ ಬಂದರೆ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಅದು ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಪ್ರೇರಿಸುತ್ತದೆ. ಅವು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಸ್ನಾಯುಗಳು ಓಟಕ್ಕೆ ಅಣಿಯಾಗುತ್ತವೆ. ಅಪಾಯ ಕಳೆದ ಮೇಲೆ ಈ ಏರ್ಪಾಡು ತಾನಾಗಿ ಇಳಿಯುತ್ತದೆ. ನಾಯಿಯು ಮನೆಯೊಳಗೇ ಇದ್ದರೆ? ಸಾಲಗಾರನ ಕೂಗು, ಕುಡಿದು ಬರುವ ತಂದೆ, ನಾಳೆ ಊಟವುಂಟೋ ಇಲ್ಲವೋ ಎಂಬ ಸಂಶಯ, ಶಾಲೆಯಲ್ಲಿ ಬೇರೆ ಕೂರಿಸುವ ಅಪಮಾನ ಇವು ಬಂದು ಹೋಗುವ ಅಪಾಯಗಳಲ್ಲ. ಅಂಥಲ್ಲಿ ಈ ಏರ್ಪಾಡು ಪೂರ್ತಿ ಇಳಿಯಲು ಅವಕಾಶ ಸಿಗುವುದಿಲ್ಲ. ದೀರ್ಘಕಾಲದ ಇಂಥ ಒತ್ತಡವು ನೆನಪು, ಗಮನ, ಸಂಯಮಗಳಿಗೆ ಆಧಾರವಾದ ಮಿದುಳಿನ ಭಾಗಗಳ ಬೆಳವಣಿಗೆಗೆ ಒಳ್ಳೆಯದಲ್ಲವೆಂದು ಸಂಶೋಧನೆಗಳು ಹೇಳುತ್ತವೆ.

ಎರಡನೆಯ ದಾರಿ ಹೊಟ್ಟೆಯದು. ಕಬ್ಬಿಣದ ಅಂಶವು ರಕ್ತಕ್ಕೆ ಬೇಕೆಂಬುದನ್ನು ಎಲ್ಲರೂ ಬಲ್ಲರು. ನರತಂತುಗಳ ಹೊದಿಕೆ ಬೆಳೆಯುವುದಕ್ಕೂ, ನರಕೋಶಗಳ ನಡುವೆ ಸುದ್ದಿ ಸಾಗಿಸುವ ಡೋಪಮೀನಿನಂಥ ದ್ರವ್ಯಗಳು ಸಿದ್ಧವಾಗುವುದಕ್ಕೂ ಅದು ಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಕಂಡುಬಂತು. ರಕ್ತಹೀನ ಬಾಲಕನು ಪಾಠದಲ್ಲಿ ತೂಕಡಿಸುತ್ತಾನೆ, ಸಿಡುಕುತ್ತಾನೆ, ಹೇಳಿದ್ದನ್ನು ಮರೆಯುತ್ತಾನೆ. ಅವನ ನಡತೆಗೆ ಯಾವ ಹೆಸರನ್ನಾದರೂ ಇಡುವ ಮುನ್ನ ಬೆರಳ ತುದಿಯ ಒಂದು ಹನಿ ರಕ್ತವನ್ನು ಪರೀಕ್ಷಿಸುವುದು ಲೇಸು.

ಇನ್ನು ಬಡತನವನ್ನೇ ತೆಗೆದುಹಾಕಿ ನೋಡಿದರೆ ಏನಾದೀತು? ಪ್ರಯೋಗಶಾಲೆಯಲ್ಲಿ ಅದು ಸಾಧ್ಯವಿಲ್ಲ. ಆದರೆ ಅಂಥದೊಂದು ಪ್ರಯೋಗ ಅಕಸ್ಮಾತ್ತಾಗಿ ನಡೆದುಹೋಯಿತು. ಅಮೆರಿಕದ ಉತ್ತರ ಕೆರೊಲಿನಾದ ಬೆಟ್ಟಸೀಮೆಯಲ್ಲಿ ಜೇನ್ ಕಾಸ್ಟೆಲೊ ಮತ್ತು ಅವರ ಸಂಗಡಿಗರು 1993ರಿಂದ 1,420 ಮಕ್ಕಳ ಮಾನಸಿಕ ಸ್ಥಿತಿಯನ್ನು ವರ್ಷವರ್ಷವೂ ದಾಖಲಿಸುತ್ತಿದ್ದರು. ಆ ಮಕ್ಕಳಲ್ಲಿ ಸುಮಾರು ಕಾಲುಭಾಗ ಚೆರೋಕೀ ಎಂಬ ಮೂಲನಿವಾಸಿ ಜನಾಂಗದವರು. ಅಧ್ಯಯನದ ನಡುವೆ ಚೆರೋಕೀಗಳು ತಮ್ಮ ಮೀಸಲು ನೆಲದಲ್ಲಿ ಒಂದು ಜೂಜುಮನೆಯನ್ನು ತೆರೆದರು. ಅದರ ಲಾಭದ ಪಾಲು ಆ ಜನಾಂಗದ ಪ್ರತಿಯೊಬ್ಬರಿಗೂ ಬರತೊಡಗಿತು. (ಜೂಜನ್ನು ಹೊಗಳುವುದು ಈ ಲೇಖಕನ ಉದ್ದೇಶವಲ್ಲ; ಹಣ ಎಲ್ಲಿಂದ ಬಂತೆಂಬುದಕ್ಕಿಂತ, ಕುಟುಂಬದವರ ಯಾವ ಪ್ರಯತ್ನವೂ ಇಲ್ಲದೆ ಬಂತೆಂಬುದು ವಿಜ್ಞಾನಕ್ಕೆ ಮುಖ್ಯ.) ಹಲವು ಕುಟುಂಬಗಳು ಬಡತನದ ರೇಖೆಯನ್ನು ದಾಟಿದವು, ಹಲವು ಅಲ್ಲಿಯೇ ಉಳಿದವು.

2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಮೊದಲು ಬಡವರ ಮಕ್ಕಳಲ್ಲಿ ಮಾನಸಿಕ ರೋಗಲಕ್ಷಣಗಳು ಉಳಿದವರಿಗಿಂತ ಹೆಚ್ಚಾಗಿದ್ದವು. ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಅವು ಇಳಿದು, ಎಂದೂ ಬಡವರಾಗಿರದವರ ಮಟ್ಟಕ್ಕೆ ಬಂದವು. ಬಡವರಾಗಿಯೇ ಉಳಿದವರಲ್ಲಿ ಇಳಿಯಲಿಲ್ಲ. ಆದರೆ ಇಳಿದ ಲಕ್ಷಣಗಳಾವುವು? ಜಗಳ, ಕಳ್ಳತನ, ಎದುರು ನಿಲ್ಲುವಿಕೆ ಮುಂತಾದ ನಡತೆಯ ದೋಷಗಳು. ಕಳವಳ ಮತ್ತು ಖಿನ್ನತೆಗಳ ಮೇಲೆ ಹಣದ ಪ್ರಭಾವ ಕಾಣಲಿಲ್ಲ. ಕಾರಣವನ್ನು ಹುಡುಕಿದಾಗ, ಆದಾಯ ಹೆಚ್ಚಿದ ಮನೆಗಳಲ್ಲಿ ಮಕ್ಕಳ ಮೇಲೆ ಕಣ್ಣಿಡಲು ತಂದೆತಾಯಿಗಳಿಗೆ ಬಿಡುವು ಸಿಕ್ಕಿತ್ತೆಂದು ತಿಳಿದುಬಂತು. ನಸುಕಿನಲ್ಲಿ ತೊಗರಿ ಹೊಲಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಹಿಂತಿರುಗುವ ತಾಯಿಯ ಮಗನನ್ನು ‘ಪುಂಡ’ ಎನ್ನುವವರಿಗೆ ಚೆರೋಕೀ ಬೆಟ್ಟಗಳಿಂದ ಬಂದ ಉತ್ತರವಿದು. ಅದೇ ಫಲಿತಾಂಶದ ಇನ್ನೊಂದು ಮುಖವನ್ನೂ ಮರೆಯಬಾರದು. ಪಡಿತರದ ಅಕ್ಕಿಯಿಂದ ನೀಗದ ಭಯವೂ ಕೊರಗೂ ಮಕ್ಕಳಲ್ಲಿ ಉಳಿದೇ ಇರುತ್ತವೆ. ಅವಕ್ಕೆ ವೈದ್ಯನೇ ಬೇಕು.

ನಲವತ್ತು ಕಿಲೋಮೀಟರಿನ ಲೆಕ್ಕ

ಹೀಗೆ ವೈದ್ಯನು ಬೇಕೆಂದಾದ ಮೇಲೆ ಔರಾದಿನಿಂದ ಬೀದರಿಗೆ ಹೋಗುವ ಲೆಕ್ಕವನ್ನು ಹಾಕೋಣ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಂತೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣಕ್ಕೆ ಟಿಕೆಟ್ಟಿನ ಹಣವಿಲ್ಲ. ಆದ್ದರಿಂದ ತಾಯಿ ಮಗಳಿಬ್ಬರೂ ಬೀದರಿಗೆ ಖರ್ಚಿಲ್ಲದೆ ಹೋಗಿಬರಬಹುದು. ಹೋಗದಂತೆ ತಡೆಯುವುದು ಕೂಲಿ. 2024-25ರಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ದಿನಗೂಲಿ 349 ರೂಪಾಯಿ. ಜ್ವರಕ್ಕಾದರೆ ಒಂದು ದಿನದ ಕೂಲಿ ಹೋದೀತು. ಮಗುವಿನ ಅತಿಭಯವನ್ನು ಹೋಗಲಾಡಿಸುವ ಚಿಕಿತ್ಸೆಗೆ ವಾರಕ್ಕೊಂದರಂತೆ ಹತ್ತು ಸಲ ಹೋಗಬೇಕಾಗಿ ಬಂದಿತೆನ್ನಿ. ಆಗ 3,490 ರೂಪಾಯಿ. ಔಷಧ ಉಚಿತ, ಬಸ್ಸು ಉಚಿತ, ವೈದ್ಯ ಉಚಿತ. ಆದರೂ ಮೂರು ಸಾವಿರದ ನಾನೂರ ತೊಂಬತ್ತು. ಅಷ್ಟಾಗಿ ಹತ್ತನೆಯ ವಾರದವರೆಗೆ ಕಣ್ಣಿಗೆ ಕಾಣುವ ಗುಣವೇನೂ ತೋರದಿರಬಹುದು. ಮೂರನೆಯ ವಾರಕ್ಕೆ ಬರುವುದನ್ನು ನಿಲ್ಲಿಸಿದ ತಾಯಿಯನ್ನು ‘ಅಜ್ಞಾನಿ’ ಎನ್ನುವುದು ಸುಲಭ. ಅವಳು ಮಾಡಿದ್ದು ಗಣಿತ.

ಸುಗ್ಗಿ ಮುಗಿದ ಮೇಲೆ ಈ ಸೀಮೆಯ ಅನೇಕ ಕುಟುಂಬಗಳು ಕೆಲಸವನ್ನರಸಿ ಹೈದರಾಬಾದು, ಪುಣೆ, ಮುಂಬಯಿಗಳತ್ತ ಗುಳೆ ಹೋಗುತ್ತವೆ. ಆಗ ಲೆಕ್ಕವೇ ಬೇರೆ. ಗಡಿ ದಾಟಿದರೆ ಉಚಿತ ಬಸ್ಸಿಲ್ಲ. ಚಿಕಿತ್ಸೆಯ ಚೀಟಿ ಹಳ್ಳಿಯಲ್ಲಿ, ಮಗು ಕಟ್ಟಡ ಕೆಲಸದ ಗುಡಿಸಲಿನಲ್ಲಿ. ಲಂಬಾಣಿ ತಾಂಡಾದ ಕುಟುಂಬವಾದರೆ ಇನ್ನೊಂದು ವಿಚಿತ್ರವೂ ಸೇರುತ್ತದೆ. ಈ ಒಂದೇ ಸಮುದಾಯವು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಮೂರು ರಾಜ್ಯಗಳು ಕೂಡುವ ಮೂಲೆಯಲ್ಲಿ ಬದುಕುವವರಿಗೆ, ಒಂದು ದಿನದ ನಡಿಗೆಯಲ್ಲಿ ಮೂರು ಹೆಸರು. ಹಕ್ಕಿನ ಕಾಗದವು ಗಡಿಯಲ್ಲಿ ನಿಂತುಬಿಡುತ್ತದೆ. ರೋಗವು ಮಗುವಿನ ಸಂಗಡ ದಾಟುತ್ತದೆ.

ಇದರಿಂದ ಗುಡಿ, ದರ್ಗಾ, ಮಂತ್ರವಾದಿಗಳ ಬಳಿಗೆ ಮೊದಲು ಹೋಗುವುದರ ಅರ್ಥವೂ ಆಗುತ್ತದೆ. ಅದನ್ನು ಬರಿಯ ಮೌಢ್ಯವೆಂದು ಹೀಗಳೆಯುವುದು ತರವಲ್ಲ. ದರ್ಗಾ ಹತ್ತಿರವಿದೆ, ಗುರುವಾರ ಸಂಜೆ ಕೂಲಿ ಮುಗಿಸಿಯೂ ಹೋಗಬಹುದು, ಅಲ್ಲಿ ಮನೆಯ ಮಾತಿನಲ್ಲಿಯೇ ಕಷ್ಟವನ್ನು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಇಲ್ಲದ್ದು ಈ ಮೂರೂ. ಮೂರ್ಛೆರೋಗದಂಥ ಬೇನೆಯಲ್ಲಿ ಮಾತ್ರ ಈ ತಡ ಅಪಾಯಕರ. ಅದಕ್ಕೆ ಅಗ್ಗದ, ಖಚಿತವಾದ ಮಾತ್ರೆಗಳಿವೆ.

ಮನೆಯ ಮಾತು, ವೈದ್ಯನ ಮಾತು

ಹೃದಯದ ವೈದ್ಯನಿಗೆ ಎದೆಗಿಟ್ಟು ಕೇಳುವ ನಳಿಕೆಯಿದೆ. ಮಕ್ಕಳ ಮನೋವೈದ್ಯನಿಗೆ ಇರುವ ಸಾಧನಗಳು ಆಟ, ಚಿತ್ರ ಮತ್ತು ಮಾತು. ಮಾತೇ ಬೇರೆಯಾದರೆ ಸಾಧನವೇ ಕೈತಪ್ಪಿದಂತೆ. ಬೀದರದಲ್ಲಿ ಕನ್ನಡದ ಜೊತೆಗೆ ದಖ್ಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿಗಳು ಕೇರಿಯಿಂದ ಕೇರಿಗೆ ಬದಲಾಗುತ್ತವೆ; ಔರಾದ, ಭಾಲ್ಕಿಗಳ ಅನೇಕ ಮನೆಗಳ ಮಾತು ಮರಾಠಿ. ಒಂದು ಮಗು ‘ಅಂಜಿಕಿ’ ಎಂದರೆ ಇನ್ನೊಂದು ‘ಭೀತಿ’ ಎನ್ನುತ್ತದೆ, ಮತ್ತೊಂದು ‘ಡರ್’ ಎನ್ನುತ್ತದೆ. ಬಹಳಷ್ಟು ಮಕ್ಕಳು ಇದಾವುದನ್ನೂ ಹೇಳದೆ ಹೊಟ್ಟೆನೋವು ಎನ್ನುತ್ತಾರೆ. ಲಂಬಾಣಿಯಂತೂ ಜನಗಣತಿಯ ಪಟ್ಟಿಯಲ್ಲಿ ಹಿಂದಿಯ ಅಡಿಯಲ್ಲಿ ಎಣಿಕೆಯಾಗುವ ನುಡಿ; ಆ ನುಡಿಯಲ್ಲಿ ಪಾಠ ಹೇಳುವ ಶಾಲೆಯನ್ನು ತಾಂಡಾದ ಮಗು ಕಾಣದು. ಮೊದಲ ತರಗತಿಯಲ್ಲಿ ಅದು ಸುಮ್ಮನಿದ್ದರೆ ಅದಕ್ಕೆ ಬುದ್ಧಿ ಕಡಿಮೆಯೋ, ಭಯವೋ, ಅಥವಾ ಗುರುಗಳ ಮಾತು ತಿಳಿಯಲಿಲ್ಲವೋ? ಹಾರ್ಲೆಮಿನ ಪ್ರಶ್ನೆ ಇಲ್ಲಿ ಬೇರೆ ವೇಷದಲ್ಲಿ ಬಂದು ನಿಂತಿದೆ.

ಶಾಲೆಯ ನುಡಿ ಮತ್ತು ಮನೆಯ ನುಡಿಗಳ ಈ ಬಿರುಕು ಆ ನಾಡಿಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಅಲ್ಲಿ ಮನೆಮಾತಾದ ಸಂಗತಿ. ಬುದ್ಧಿಯ ಅಳತೆಗೂ ಈ ನಿಯಮ ಸಲ್ಲಬೇಕೆಂಬುದನ್ನು ಧಾರವಾಡದ ವಿ. ವಿ. ಕಾಮತರು ಬಹು ಹಿಂದೆಯೇ ಮನಗಂಡಿದ್ದರು. ಫ್ರಾನ್ಸಿನ ಬೀನೆ ರಚಿಸಿದ ಬುದ್ಧಿಪರೀಕ್ಷೆಯನ್ನು ಅವರು 1934ರ ಸುಮಾರಿಗೆ ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ನಮ್ಮ ಮಕ್ಕಳಿಗೆ ಹೊಂದುವಂತೆ ಅಳವಡಿಸಿದರು. ಬೀನೆ–ಕಾಮತ್ ಪರೀಕ್ಷೆಯೆಂದು ಅದು ದೇಶದಲ್ಲೆಲ್ಲ ಹೆಸರಾಯಿತು. ಬೀದರದ ಗಡಿಗೆ ಬೇಕಾದ ಎರಡು ಭಾಷೆಗಳೂ ಅದರಲ್ಲಿದ್ದವೆಂಬುದು ಗಮನಾರ್ಹ.

ಬಳ್ಳಾರಿಯಿಂದ ಮಂಗಳವಾರದವರೆಗೆ

ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯನೂ ಇಲ್ಲ. ಇರುವವರಲ್ಲಿಯೂ ಹೆಚ್ಚಿನವರು ನಗರವಾಸಿಗಳು. ಮಕ್ಕಳ ಮನೋವೈದ್ಯಕ್ಕೇ ಮೀಸಲಾದವರು ಅವರಲ್ಲಿ ಅತ್ಯಲ್ಪ. ಹೊಸ ವೈದ್ಯರು ಸಿದ್ಧರಾಗುವವರೆಗೆ ಕಾಯಬೇಕೆಂದರೆ ಈಗಿನ ಮಕ್ಕಳು ಮುದುಕರಾಗುತ್ತಾರೆ. ಇದಕ್ಕೆ ಒಂದು ಉಪಾಯವನ್ನು ಕಂಡುಹಿಡಿದದ್ದು ಕಲ್ಯಾಣ ಕರ್ನಾಟಕದಲ್ಲಿಯೇ, ಬಳ್ಳಾರಿ ಜಿಲ್ಲೆಯಲ್ಲಿ. 1985ರಿಂದ ನಿಮ್ಹಾನ್ಸ್ ತಜ್ಞರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕೆಲವು ಮುಖ್ಯ ಮನೋರೋಗಗಳನ್ನು ಗುರುತಿಸುವುದನ್ನೂ, ಕೆಲವೇ ಔಷಧಗಳನ್ನು ಬಳಸುವುದನ್ನೂ ಕಲಿಸಿದರು. ಕಠಿಣವಾದ ರೋಗಿಗಳನ್ನು ಮಾತ್ರ ಮೇಲಕ್ಕೆ ಕಳುಹಿಸುವುದು. ಇದು ಫಲಿಸಿದ್ದರಿಂದ 1996ರಲ್ಲಿ ಕೇಂದ್ರ ಸರಕಾರವು ಅದೇ ಮಾದರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಬಳ್ಳಾರಿಯ ಮಾದರಿಯ ಕಣ್ಣು ಮುಖ್ಯವಾಗಿ ದೊಡ್ಡವರ ತೀವ್ರ ರೋಗಗಳ ಮೇಲೂ ಮೂರ್ಛೆಯ ಮೇಲೂ ಇತ್ತು. ಮಗುವಿನ ಭಯವೂ ಮೌನವೂ ಅದರ ಅಂಚಿನಲ್ಲಿ ಉಳಿದವು.

2014ರಲ್ಲಿ ಕರ್ನಾಟಕ ಸರಕಾರವು ‘ಮನೋಚೈತನ್ಯ’ವೆಂಬ ಹೆಸರಿನಿಂದ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಏರ್ಪಾಡು ಮಾಡಿತು. ವೈದ್ಯನೇ ರೋಗಿಯತ್ತ ನಲವತ್ತು ಕಿಲೋಮೀಟರು ಬರುವ ಈ ಆಲೋಚನೆ ಸರಿಯಾದುದು. ಆದರೆ ದೊಡ್ಡವರ ಸಾಲಿನಲ್ಲಿ ನಿಂತ ಮಗುವಿಗೆ ಸಿಗುವ ಕೆಲವು ನಿಮಿಷಗಳಲ್ಲಿ ಅದರ ಬಾಯಿ ಬಿಡಿಸುವುದು ಎಂಥ ತಜ್ಞನಿಗೂ ಕಷ್ಟ. ಮೊದಲ ಭೇಟಿಗೆ ಒಂದು ಗಂಟೆಯಾದರೂ ಬೇಕು. ಇನ್ನೊಂದೆಡೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರಕಾರಿ ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂದಿದೆ. ಬೆಳವಣಿಗೆಯ ಕುಂಠಿತವೂ ಅವರ ಪಟ್ಟಿಯಲ್ಲುಂಟು. ನಡೆಯದ, ಮಾತಾಡದ ಮಗು ಅವರ ಕಣ್ಣಿಗೆ ಬೀಳುತ್ತದೆ. ಒಳಗೊಳಗೇ ಕೊರಗುವ ಮಗು ವರ್ಷಕ್ಕೊಮ್ಮೆ ಬಂದು ಹೋಗುವವರಿಗೆ ಸಿಗುವುದು ಅಪರೂಪ. ಅದನ್ನು ದಿನವೂ ನೋಡುವವರು ಗುರುಗಳು, ಅಂಗನವಾಡಿಯ ಕಾರ್ಯಕರ್ತೆ ಮತ್ತು ಅಣ್ಣ ಅಕ್ಕಂದಿರು.

ಕಾನೂನಿನ ಮಟ್ಟಿಗೆ ನಮ್ಮ ದೇಶ ಹಿಂದುಳಿದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೆಯ ಪ್ರಕರಣದಂತೆ ಪ್ರತಿಯೊಬ್ಬನಿಗೂ ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕಿದೆ. ಜಾತಿ, ಧರ್ಮ, ಲಿಂಗ, ವರ್ಗಗಳ ಭೇದವಿಲ್ಲದೆ ಅದು ದೊರೆಯಬೇಕೆಂದು ಸ್ಪಷ್ಟವಾಗಿ ಹೇಳಿದೆ. ಬಡತನದ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಆ ಕಾರ್ಡು ಇಲ್ಲದಿದ್ದರೂ, ಸರಕಾರಿ ಚಿಕಿತ್ಸೆ ಉಚಿತ. ಮಕ್ಕಳ ಮಾನಸಿಕ ಸೇವೆಯೂ ಕಡ್ಡಾಯದ ಪಟ್ಟಿಯಲ್ಲಿದೆ. ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲೇಬೇಕಾದರೆ ದೊಡ್ಡವರಿಂದ ಬೇರೆಯಾದ ಸ್ಥಳದಲ್ಲಿರಿಸಬೇಕು, ಪೋಷಕರು ಸಂಗಡವಿರಬೇಕು.

2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಗೆ ಯಾವ ಫೋನಿನಿಂದಲಾದರೂ ಹಣವಿಲ್ಲದೆ ಕರೆಮಾಡಬಹುದು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅಲ್ಲಿ ಮಾತಾಡುತ್ತಾರೆ. ತಾಂಡಾದ ತಾಯಿಗೆ ಅರ್ಧ ದಿನದ ಕೂಲಿಯನ್ನೂ ಕಳೆದುಕೊಳ್ಳದೆ ದೊರೆಯುವ ಮೊದಲ ಸಲಹೆ ಇದು. ಮನೆಯಲ್ಲಿ ಓದು ಬಲ್ಲವರಿದ್ದರೆ, ಅದು ಬಹುಮಟ್ಟಿಗೆ ಕಾಲೇಜಿಗೆ ಹೋಗುವ ಮಗನೋ ಮಗಳೋ ಆಗಿರುತ್ತಾರೆ, ಕರೆಗೆ ಮುಂಚೆ ಕೆಲವು ವಿಷಯಗಳನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ. ತೊಂದರೆ ಕಂಡು ಎಷ್ಟು ವಾರವಾಯಿತು? ಮನೆಯಲ್ಲಿ ಮಾತ್ರವೋ, ಶಾಲೆಯಲ್ಲಿಯೂ ಉಂಟೋ? ಊಟ, ನಿದ್ರೆ, ಆಟ, ಓದು ಇವುಗಳಲ್ಲಿ ಯಾವುದು ಕೆಟ್ಟಿದೆ? ಮೈ ಕೈ ಬಿಗಿದು ಪ್ರಜ್ಞೆ ತಪ್ಪಿದ್ದುಂಟೋ? ಸಾಯುವ ಮಾತು ಆಡಿದೆಯೋ? ಕೊನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಮಂಗಳವಾರಕ್ಕಾಗಿ ಕಾಯತಕ್ಕದ್ದಲ್ಲ. ಅದೇ ದಿನ ಕರೆಮಾಡಿ, ಮಗುವನ್ನು ಒಂಟಿಯಾಗಿ ಬಿಡದೆ ಬೀದರದ ಆಸ್ಪತ್ರೆಗೆ ಕರೆದೊಯ್ಯಬೇಕು. ಎಷ್ಟು ದಿನ ಶಾಲೆ ತಪ್ಪಿತೆಂಬುದನ್ನು ಮಾತ್ರ ಊಹಿಸಿ ಹೇಳಬೇಕಾಗಿಲ್ಲ. ಅದು ಹಾಜರಿ ಪುಸ್ತಕದಲ್ಲಿದೆ. ಗುರುಗಳನ್ನು ಕೇಳಿದರೆ ತಾರೀಖು ಸಮೇತ ಸಿಗುತ್ತದೆ.